ಘೋಸ್ಟ್ ಸಿನೆಮವೂ ಎಂಗಳ ದೊಡ್ಡತ್ತೆಯೂ

ಈ ಸರ್ತಿ ಆಟಿಲಿ ಮಗಳು ನಾಲ್ಕು ದಿನ ರಜೆ ಹಾಕಿ ಬೆಂಗ್ಳೂರಿಂದ ಬಂದಿತ್ತು. ಅದು ಬಸ್ಸಿಳುದ ಗಳಿಗೆಲಿ ಹಿಡುದ ಮಳೆ ಮತ್ತೆ ಬಿಟ್ಟಿದೇ ಇಲ್ಲೆ. ತೋಟಕ್ಕೆ ಇಳಿವಲೆ ಎಡಿಯ, ಜಾಲಿಂಗೆ ಕಾಲು ಮಡುಗಿರೆ ಜಾರ್ತು. ಹೊತ್ತೋಪಗ ಹಲಸಿನಕಾಯಿ ಹಪ್ಪಳ ಸುಟ್ಟು, ಕೆರದ ಕಾಯಿಯ ಒಟ್ಟಿಂಗೆ ತಿಂದೊಂಡು ಜೆಗಿಲಿಲಿ ಕೂದಿಪ್ಪಗ ಅದು ಕೇಳಿತ್ತು, “ಅಮ್ಮ, ನಿನ್ನ ಕಾಲದ ಒಂದು ಲವ್ ಸ್ಟೋರಿ ಹೇಳು, ಇರುಳು ಲ್ಯಾಪ್‌ಟಾಪಿಲಿ ನೋಡುವೊ.” ಆನು ಹಿಂದೆಮುಂದೆ ನೋಡದ್ದೆ “ಘೋಸ್ಟ್” ಹೇಳಿದೆ.

ಇವು ಪೇಪರಿಂದ ತಲೆ ನೆಗ್ಗದ್ದೆ, “ಹೆಸರೇ ಭೂತ. ಕರೆಂಟು ಹೋದರೆ ಎನ್ನ ದಿನಿಗೇಳೆಡಿ” ಹೇಳಿದವು.

ಸಿನೆಮ ಮುಗುದಪ್ಪಗ ಇರುಳು ಹನ್ನೊಂದೂವರೆ. ಆನು ಸೆರಗಿಲಿ ಕಣ್ಣುದ್ದಿಗೊಂಡೆ. ಅಷ್ಟಪ್ಪಗ ಮಗಳು ಒಂದು ಪ್ರಶ್ನೆ ಕೇಳಿತ್ತು. ಎನ್ನತ್ರೆ ಉತ್ತರ ಇತ್ತಿದ್ದಿಲ್ಲೆ. ಆ ಪ್ರಶ್ನೆ ಎಂತರ ಹೇಳಿ ರಜ ಮತ್ತೆ ಹೇಳ್ತೆ. ಅದು ತಲಗೆ ಹೊಕ್ಕ ಮೇಲೆ, ಮೂವತ್ತು ವರ್ಷ ಎದೆಲಿ ಮಡಿಕ್ಕೊಂಡಿದ್ದ ಸಿನೆಮವ ಪುನಾ ಒಂದರಿ ತೂಗಿ ನೋಡೆಕ್ಕಾತು. ಆ ತೂಕದ ಲೆಕ್ಕವ ಇಲ್ಲಿ ಬರೆತ್ತಾ ಇದ್ದೆ.

ಆನು “ಘೋಸ್ಟ್” ಸುರೂ ನೋಡಿದ್ದು 1993ನೇ ಇಸವಿಲಿ, ಮಂಗ್ಳೂರಿಲಿ ಕೋಲೇಜಿಂಗೆ ಹೋಪಗ. ಎನಗೆ ಅಂಬಗ 19 ವರ್ಷ. ಈಗಾಣ ಹಾಂಗೆ ಬೇಕಪ್ಪಗ ಬೇಕಾದ ಸಿನೆಮ ಆ ಕಾಲಲ್ಲಿ ಸಿಕ್ಕ. ಹಾಸ್ಟೆಲಿನ ಕೂಸುಗೊ ಎಲ್ಲ ಸೇರಿ ತಲಗೆ 5 ರೂಪಾಯಿ ಒಟ್ಟುಮಾಡಿ, ಟೀವಿದೆ ವೀಸಿಆರುದೆ ಬಾಡಿಗಗೆ ತಂದು, ಒಂದು ಶನಿವಾರ ಇರುಳು ಹಾಕಿದೆಯೊ. ಆ ಕ್ಯಾಸೆಟು ಎಷ್ಟು ಮನೆ ತಿರುಗಿತ್ತೋ ಏನೋ, ಅರ್ಧ ಹೊತ್ತು ಪರದೆಲಿ ಮಳೆ ಬಂದ ಹಾಂಗೆ ಗೆರೆಗೊ. ಇಂಗ್ಲಿಷು ಪೂರ ಅರ್ಥ ಆಯಿಕ್ಕೊಂಡೂ ಇತ್ತಿದ್ದಿಲ್ಲೆ. ಆದರೂ ಅಖೇರಿಗೆ ಕೂಗದ್ದ ಕೂಸು ಒಂದೂ ಇಲ್ಲೆ.

ನೋಡದ್ದವಕ್ಕೆ ಕತೆಯ ಸಣ್ಣಕೆ ಹೇಳಿಬಿಡ್ತೆ. ಸ್ಯಾಮ್ ಹೇಳಿರೆ ನ್ಯೂಯಾರ್ಕಿಲಿ ಬೇಂಕಿಲಿ ಕೆಲಸ ಮಾಡ್ತ ಮಾಣಿ. ಮೋಲಿ ಮಣ್ಣಿನ ಪಾತ್ರೆ, ಶಿಲ್ಪ ಎಲ್ಲ ಮಾಡ್ತ ಕೂಸು. ಇಬ್ರೂ ಹೊಸ ಮನೆ ಹಿಡುದು ಒಟ್ಟಿಂಗೆ ಇಪ್ಪಲೆ ಸುರುಮಾಡಿದ್ದಷ್ಟೆ. ಒಂದು ಇರುಳು ನಾಟಕ ನೋಡಿಕ್ಕಿ ನಡಕ್ಕೊಂಡು ಬಪ್ಪಗ ಒಬ್ಬ ಕಳ್ಳ ಅಡ್ಡ ಹಾಕ್ತ, ಉರುಡಾಟಲ್ಲಿ ಗುಂಡು ತಾಗಿ ಸ್ಯಾಮ್ ಸಾಯ್ತ. ಸತ್ತವ ಮೇಲೆ ಹೋಗದ್ದೆ ಇಲ್ಲೇ ಬಾಕಿ ಆವುತ್ತ. ಅವಂಗೆ ಎಲ್ಲ ಕಾಣ್ತು, ಎಲ್ಲ ಕೇಳ್ತು. ಅವನ ಮಾಂತ್ರ ಆರೂ ಕಾಣ್ತವಿಲ್ಲೆ. ತನ್ನ ಸಾವಿನ ಹಿಂದೆ ಇಪ್ಪದು ಬೇಂಕಿಲಿ ಒಟ್ಟಿಂಗೆ ಕೆಲಸ ಮಾಡಿಗೊಂಡಿದ್ದ ಚೆಂಙಾಯಿ ಕಾರ್ಲ್ ಹೇಳಿ ನಿಧಾನಕ್ಕೆ ಗೊಂತಾವುತ್ತು. ಕಳ್ಳಪೈಸೆಯ ಬೇಂಕಿನ ಲೆಕ್ಕಲ್ಲಿ ತಿರುಗುಸಿ ಬೆಳಿ ಮಾಡುದು ಆ ಕಾರ್ಲ್‌ನ ಒಳದಂಧೆ. ಇನ್ನು ಮೋಲಿಗೂ ಅಪಾಯ ಇದ್ದು. ಆದರೆ ಸತ್ತವ ಬದ್ಕಿಪ್ಪವಕ್ಕೆ ಹೇಳುದು ಹೇಂಗೆ?

ಅಷ್ಟಪ್ಪಗ ಸಿಕ್ಕುದು ಓಡಾ ಮೇ ಬ್ರೌನ್. ಬ್ರೂಕ್ಲಿನಿಲಿ “ಸತ್ತವರ ಹತ್ರೆ ಮಾತಾಡುಸಿ ಕೊಡ್ತೆ” ಹೇಳಿ ಜನರ ಪೈಸೆ ತೆಕ್ಕೊಂಬ ಕಪ್ಪು ಜನಾಂಗದ ಹೆಂಗುಸು. ಮಾಡುದೆಲ್ಲ ಪೂರ ನಾಟಕ, ಪೋಲೀಸರ ಹತ್ರೆ ಅದರ ಹಳೆ ಲೆಕ್ಕವೂ ಇದ್ದು. ಆದರೆ ಸ್ಯಾಮನ ಸ್ವರ ಅದಕ್ಕೆ ನಿಜವಾಗಿಯೂ ಕೇಳ್ತು! ಎಲ್ಲೋರಿಂದ ಹೆಚ್ಚು ಹೆದರುದು ಅದುವೇ. ಅಲ್ಲಿಂದ ಮತ್ತೆ ಸ್ಯಾಮ್ ಹೇಳುದು, ಓಡಾ ಮೇ ಮೋಲಿಗೆ ದಾಂಟುಸುದು.

ಸಿನೆಮ ಬಂದದು 1990ನೇ ಇಸವಿಲಿ. ಮಾಡ್ಲೆ ಆದ ಖರ್ಚು 2 ಕೋಟಿ ಡಾಲರು ಚಿಲ್ಲರೆ, ಬಂದ ಪೈಸೆ 50 ಕೋಟಿ ಡಾಲರಿಂದಲೂ ಮೇಲೆ. ಆ ವರ್ಷದ ಸಿನೆಮಂಗಳಲ್ಲಿ ಇಡೀ ಲೋಕಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಪಾದನೆ ಇದರದ್ದೇ. ಪೇಟ್ರಿಕ್ ಸ್ವೇಜಿ ಸ್ಯಾಮ್, ಡೆಮಿ ಮೂರ್ ಮೋಲಿ, ವೂಪಿ ಗೋಲ್ಡ್‌ಬರ್ಗ್ ಓಡಾ ಮೇ.

ನೋಡಿದವರತ್ರೆ ಕೇಳಿರೆ ಹೆಚ್ಚಿನವು ಹೇಳುದು ಆ ಮಣ್ಣಿನ ಚಕ್ರದ ಸೀನು. ಮೋಲಿ ಇರುಳು ಒರಕ್ಕು ಬಾರದ್ದೆ ಚಕ್ರಲ್ಲಿ ಪಾತ್ರೆ ಮಾಡಿಗೊಂಡಿರ್ತು, ಸ್ಯಾಮ್ ಹಿಂದಂದ ಬಂದು ಕೂರ್ತ, ಪಾತ್ರೆ ಕುಸುದು ಹೋವುತ್ತು, ಪದ್ಯ ಸುರು ಆವುತ್ತು. ಎನ್ನ ನೆಂಪಿಲಿ ಅವ ಸತ್ತ ಮೇಲೆ ಪ್ರೇತ ಆಗಿ ಬಂದು ಕೂದದು ಹೇಳಿ ಇತ್ತು. ಈಗ ನೋಡಿರೆ, ಅಲ್ಲ! ಅಲ್ಲಿ ಅವ ಜೀವಲ್ಲೇ ಇದ್ದ. ಮೂವತ್ತು ವರ್ಷ ತಪ್ಪು ನೆಂಪಿನ ಒಪ್ಪಲ್ಲಿ ಮಡಿಕ್ಕೊಂಡಿದ್ದೆ. ಆ ಪದ್ಯವೂ ಸಿನೆಮಕ್ಕೆ ಹೇಳಿ ಮಾಡಿದ್ದಲ್ಲ. “ಅನ್‌ಚೈನ್ಡ್ ಮೆಲಡಿ” 1955ರ ಬೇರೆ ಒಂದು ಸಿನೆಮದ ಪದ್ಯ. ಇದರಲ್ಲಿ ಹಾಕಿದ್ದು ರೈಚಸ್ ಬ್ರದರ್ಸ್ 1965ರಲ್ಲಿ ಹಾಡಿದ್ದರ. ಹಳೆ ಪದ್ಯಕ್ಕೆ ಈ ಸಿನೆಮಂದಾಗಿ ಪುನಾ ಜೀವ ಬಂತು.

ಆ ಕಾಲಲ್ಲಿ ಎಂಗೊಗೆ ಮನಸ್ಸಿಂಗೆ ತಾಗಿದ್ದು “ಡಿಟ್ಟೊ”. ಮೋಲಿ ಪ್ರೀತಿಯ ಮಾತು ಹೇಳಿರೆ ಸ್ಯಾಮ್ ತಿರುಗಿ ಹಾಂಗೆ ಹೇಳ. “ಡಿಟ್ಟೊ” ಹೇಳುಗು. ಹೇಳಿರೆ, ಎನ್ನದೂ ಅದೇ. ನಾಟಕ ನೋಡಿಕ್ಕಿ ಬಪ್ಪಗ, ಸಾವಿಂಗೆ ರಜವೇ ಮದಲು, ಮೋಲಿ ಇದನ್ನೇ ಕೇಳ್ತು: ನೀನು ಆ ಮಾತು ಎಂತಕೆ ಹೇಳ್ತಿಲ್ಲೆ? ಎಲ್ಲೋರೂ ಬಾಯಿಲಿ ಹೇಳ್ತವು, ಅದಕ್ಕೆ ಅರ್ಥ ಇಲ್ಲೆ ಹೇಳಿ ಅವನ ವಾದ. ಒಂದೊಂದರಿ ಕೆಮಿಲಿ ಕೇಳೆಕ್ಕಾವುತ್ತು ಹೇಳಿ ಅದರ ವಾದ. ಹಾಸ್ಟೆಲಿನ ಎಂಗೊ ಪೂರ ಮೋಲಿಯ ಪಕ್ಷ! ಅಪ್ಪ ಅಬ್ಬೆಯ ಹೆಸರು ಹಿಡುದು ದಿನಿಗೇಳಿದ್ದನ್ನೂ ಕೇಳದ್ದ ಮನೆಗಳಿಂದ ಬಂದ ಕೂಸುಗೊ ಎಂಗೊ. ಎಂಗಳ ಗೆಂಡಂದ್ರು ಹೀಂಗೆ ಅಪ್ಪಲಾಗ ಹೇಳಿ ಆ ಇರುಳೇ ತೀರ್ಮಾನ ಆಗಿತ್ತು.

ತೀರ್ಮಾನದ ಗತಿ ಎಂತಾತು ಕೇಳ್ತಿರೋ? ಮದುವೆ ಆಗಿ 27 ವರ್ಷ ಆತು. ಇವು ಒಂದರಿಯೂ ಆ ಮಾತು ಹೇಳಿದ್ದವಿಲ್ಲೆ. ಎನಗೆ ಅರೆತಲೆಬೇನೆ ಬಂದ ದಿನ ಬಾಯಿ ಬಿಡದ್ದೆ ಕಿಟಿಕಿ ಎಲ್ಲ ಹಾಕಿ, ಅಟ್ಟುಂಬೊಳಕ್ಕೆ ಹೋಗಿ ಹೆಜ್ಜೆ ಮಡುಗಿ, ಮೂರು ಸರ್ತಿ ತುಳುಕ್ಕುಸಿ, ಒಂದು ಬಟ್ಟಲು ತಂದು ಮಡುಗುತ್ತವು. ಅದು ಡಿಟ್ಟೊ ಅಲ್ಲದ್ದೆ ಮತ್ತೆಂತರ? ಹಾಂಗಾಗಿ ಈ ಸರ್ತಿ ನೋಡುವಗ ಸ್ಯಾಮನ ಮೇಲೆ ಕೋಪ ಬೈಂದಿಲ್ಲೆ. ಪ್ರಾಯ ಆವುತ್ತಾ ಬಪ್ಪಗ ಡಿಟ್ಟೊದ ಭಾಷೆ ಅರ್ಥ ಆವುತ್ತು. ಈ ಒಂದು ವಿಶಯಲ್ಲಿ ಆನು ಪಕ್ಷ ಬದಲುಸಿದ್ದೆ.

ಒಳ್ಳೆದು ಒಳ್ಳೆದೇ ಹೇಳೆಕ್ಕು. ಸಿನೆಮ ಈಗಳೂ ನೋಡುಸಿಗೊಂಡು ಹೋವುತ್ತು. ಅದಕ್ಕೆ ಮುಖ್ಯ ಕಾರಣ ನೆಗೆ. ನಿರ್ದೇಶಕ ಜೆರಿ ಝಕರ್ ಅದರಿಂದ ಮದಲು ಹೆಸರು ಮಾಡಿದ್ದೇ “ಏರ್‌ಪ್ಲೇನ್” ಹೇಳ್ತ ಕುಶಾಲಿನ ಸಿನೆಮಲ್ಲಿ. ಸಾವಿನ ಕತೆಯ ಹೇಂಗೆ ಎಲ್ಲಿ ಸಡಿಲುಸೆಕ್ಕು ಹೇಳಿ ಅವಂಗೆ ಗೊಂತಿತ್ತು. ಓಡಾ ಮೇ ಒಪ್ಪದ್ದಿಪ್ಪಗ ಸ್ಯಾಮ್ ಇರುಳಿಡೀ ಅದರ ಕೆಮಿಯ ಹತ್ರೆ ಕೂದು ಪದ್ಯ ಹೇಳಿ ಒರಕ್ಕು ಕೆಡುಸುತ್ತ. ಅಲ್ಲಿ ಮಗಳು ಬಿದ್ದು ಬಿದ್ದು ನೆಗೆ ಮಾಡಿತ್ತು. ಬಾಗಿಲ ಕೆಳಂದ ಹಾಕಿದ ಒಂದು ಪೈಸೆಯ ನಾಣ್ಯ ತನ್ನಷ್ಟಕ್ಕೇ ಬಾಗಿಲಿಲಿ ಮೇಲೆ ಹತ್ತಿ, ಗಾಳಿಲಿ ಮೋಲಿಯ ಕೈಗೆ ಬಪ್ಪ ಸೀನಿಂಗೆ ಈಗಳೂ ಮೈ ಜುಂ ಹೇಳ್ತು. ಕೆಟ್ಟವು ಸತ್ತಪ್ಪಗ ನೆಲಂದ ಏಳ್ತ ಕಪ್ಪು ನೆರಳುಗೊ ಮಾಂತ್ರ ಮದಲಾಣಷ್ಟು ಹೆದರುಸುತ್ತವಿಲ್ಲೆ, ಮಕ್ಕಳ ಚಿತ್ರದ ಹಾಂಗೆ ಕಾಣ್ತು. ಮತ್ತೊಂದು ಸಂಗತಿ: ಸ್ವೇಜಿ 2009ರಲ್ಲಿ ಕೇನ್ಸರ್ ಆಗಿ ತೀರಿಹೋದ. ಹಾಸ್ಟೆಲಿಲಿ ನೋಡುವಗ ಅವ ಸತ್ತವನ ವೇಷ ಹಾಕಿದ ಬದ್ಕಿದ ಮನುಷ್ಯ. ಈಗ ನೋಡುವಗ ಹಾಂಗಲ್ಲ. ಇದು ಸಿನೆಮಕ್ಕೆ ಆರೂ ಸೇರುಸದ್ದೆ ತನ್ನಷ್ಟಕ್ಕೇ ಸೇರಿದ ತೂಕ.

ಇನ್ನು ಮಗಳ ಪ್ರಶ್ನೆಗೆ ಬತ್ತೆ.

ಅಖೇರಿಯಾಣ ಭಾಗಲ್ಲಿ ಸ್ಯಾಮಂಗೆ ಮೋಲಿಯ ಒಂದರಿ ಮುಟ್ಟೆಕ್ಕು ಹೇಳಿ ಆಶೆ ಆವುತ್ತು. ಪ್ರೇತಕ್ಕೆ ಕೈ ಎಲ್ಲಿದ್ದು? ಅಷ್ಟಪ್ಪಗ ಓಡಾ ಮೇ, ಎನ್ನ ಮೈಯ ಉಪಯೋಗುಸು ಹೇಳ್ತು. ಅದಕ್ಕೆ ಈ ಕೆಲಸ ಎಷ್ಟು ಕಷ್ಟ ಹೇಳಿ ಮದಲೇ ಬೇರೆ ಒಂದು ಪ್ರೇತ ಮೈಗೆ ಹೊಕ್ಕಪ್ಪಗ ಗೊಂತಾಯಿದು. ಆದರೂ ಒಪ್ಪುತ್ತು. ಒಂದೆರಡು ಗಳಿಗೆ ಮೋಲಿಯ ಬೆಳಿ ಕೈಯ ಹಿಡುದ ಓಡಾ ಮೇಯ ಕಪ್ಪು ಕೈ ಕಾಣ್ತು. ಮತ್ತೆ ಕ್ಯಾಮರ ಮೇಲೆ ಹೋಪಗ ಅಲ್ಲಿ ಇಪ್ಪದು ಸ್ಯಾಮ್! ಪದ್ಯ ಸುರು ಆವುತ್ತು, ಇಬ್ರೂ ಅಪ್ಪಿಗೊಂಡು ಮೆಲ್ಲಂಗೆ ಹೆಜ್ಜೆ ಹಾಕ್ತವು. ನವಗೆ ಕಣ್ಣೀರು.

ಮಗಳಿಂಗೆ ಕಣ್ಣೀರು ಬೈಂದಿಲ್ಲೆ. ಸಿನೆಮ ಮುಗುದ ಮೇಲೆ ಕೇಳಿತ್ತು, “ಅಮ್ಮ, ಆ ಡ್ಯಾನ್ಸಿಲಿ ಓಡಾ ಮೇ ಎಲ್ಲಿಗೆ ಹೋತು?”

ಎಲ್ಲಿಗೂ ಹೋಯಿದಿಲ್ಲೆ. ಅಲ್ಲಿ ಇದ್ದದು ಅದುವೇ. ಮೋಲಿಯ ಹೆಗಲಿಲಿ ಇದ್ದ ಕೈ ಅದರದ್ದು, ಮೋಲಿ ಕೆಪ್ಪಟೆ ಮಡುಗಿದ ಎದೆ ಅದರದ್ದು. ಆದರೆ ನವಗೆ ಅದರ ತೋರ್ಸಿದ್ದವಿಲ್ಲೆ. ಆನು ಇಷ್ಟು ವರ್ಷ ಅದು ಅಲ್ಲಿ ಇದ್ದು ಹೇಳಿಯೇ ಗ್ರೇಶಿದ್ದಿಲ್ಲೆ.

ಮರದಿನ ಉದಿಯಪ್ಪಗ ದೋಸೆ ಎರವಗ ಈ ವಿಶಯ ತೆಗದೆ. ಇವು ವಕೀಲರ ಹಾಂಗೆ ಮಾತಾಡಿದವು. “ಮೋಲಿಗೆ ಕಣ್ಣು ಮುಚ್ಚಿಪ್ಪಗ ಸ್ಯಾಮ್ ಇದ್ದ ಹಾಂಗೆ ಕಂಡತ್ತು. ಅದಕ್ಕೆ ಕಂಡದರ ನವಗೂ ತೋರ್ಸಿದವು. ಅದರಲ್ಲಿ ತಪ್ಪೆಂತರ?”

ಮಾತು ಸುಳ್ಳಲ್ಲ. ಆದರೆ ಆ ನ್ಯಾಯ ಸಿನೆಮಲ್ಲಿ ಬೇರೆಲ್ಲಿಯೂ ಇಲ್ಲೆ. ಇಡೀ ಸಿನೆಮಲ್ಲಿ ಮೋಲಿಗೆ ಕಾಣದ್ದ ಸ್ಯಾಮ್ ನವಗೆ ಕಾಣ್ತ. ಓಡಾ ಮೇ ಅವನ ಮಾತು ಹೇಳುವಗ ಎಲ್ಲ ಸೀನಿಲಿಯೂ ಹೇಳುವವನೂ ದಾಂಟುಸುವದೂ ಹತ್ರ ಹತ್ರ ನಿಂದೊಂಡು ನವಗೆ ಕಾಣ್ತವು. ಇಬ್ರನ್ನೂ ಒಟ್ಟಿಂಗೆ ತೋರ್ಸುಲೆ ಅರಡಿಯದ್ದ ಸಿನೆಮ ಅಲ್ಲ ಇದು. ಮಾತು ದಾಂಟುಸುಲೆ ಬೇಕಪ್ಪಗ ಅದರ ಮೋರೆ ಆವುತ್ತು, ನೆಗೆಗೂ ಆ ಮೋರೆ ಆವುತ್ತು. ಅಪ್ಪಿಗೊಂಬಗ ಮಾಂತ್ರ ಮೋರೆ ಆಗ! 1990ರಲ್ಲಿ ಒಂದು ಬೆಳಿ ಕೂಸುದೆ ಒಂದು ಕಪ್ಪು ಹೆಂಗುಸುದೆ ಅಪ್ಪಿಗೊಂಡು ಪ್ರೀತಿಲಿ ಹೆಜ್ಜೆ ಹಾಕುದರ ತೋರ್ಸುಲೆ ಧೈರ್ಯ ಬೈಂದಿಲ್ಲೆ ಹೇಳಿ ಎನಗೆ ಕಾಣ್ತು. ಸುರುವಿಂಗೆ ಆ ಕೈಯ ತೋರ್ಸಿದ್ದೇ ಸಾಕ್ಷಿ. ಮೈ ಆರದ್ದು ಹೇಳಿ ಸಿನೆಮಕ್ಕೆ ಲಾಯ್ಕಲ್ಲಿ ಗೊಂತಿತ್ತು.

ಅದು ಹೊಳದ ಮೇಲೆ ಒಂದೊಂದೇ ಕಾಂಬಲೆ ಸುರು ಆತು. ಮೈಗೆ ಹೊಕ್ಕು ಹೆರ ಬಂದ ಪ್ರೇತಕ್ಕೆ ಶಕ್ತಿ ಕುಂದುತ್ತು ಹೇಳಿ ಸಿನೆಮ ತೋರ್ಸುತ್ತು. ಮೈ ಕೊಟ್ಟವಕ್ಕೆ ಎಂತಾತು ಹೇಳಿ ಒಂದು ಗಳಿಗೆ ನಿಂದು ಕೇಳ್ತಿಲ್ಲೆ. ಕೊಲೆಗಾರರು ಓಡಾ ಮೇಯ ಮನೆಯನ್ನೂ ಹುಡ್ಕಿಗೊಂಡು ಬತ್ತವು, ಅದುದೆ ತಂಗೆಕ್ಕಳೂ ಓಡಿ ಹುಗ್ಗೆಕ್ಕಾವುತ್ತು. ಕಾರ್ಲ್‌ನ 40 ಲಕ್ಷ ಡಾಲರು ಅದರ ಕೈಗೆ ಚೆಕ್ಕಾಗಿ ಬಂದಪ್ಪಗ, ದಾರಿಕರೆಲಿ ನಿಂದ ಸನ್ಯಾಸಿನಿಯಕ್ಕೊಗೆ ಕೊಡು ಹೇಳಿ ಸ್ಯಾಮ್ ಕೊಡುಸಿಬಿಡ್ತ. ಓಡಾ ಮೇ ಚೆಕ್ಕಿನ ಬಿಡ್ತಿಲ್ಲೆ, ಸನ್ಯಾಸಿನಿ ಎಳೆತ್ತು, ನಾವು ನೆಗೆ ಮಾಡ್ತು. ಅದು ಕಳ್ಳಪೈಸೆ, ಮಡಿಕ್ಕೊಂಬಲಾಗ, ಅಪ್ಪು. ಆದರೆ ಇಷ್ಟೆಲ್ಲ ಮಾಡಿದ ಹೆಂಗುಸಿಂಗೆ ಮತ್ತೆಂತ ಸಿಕ್ಕಿತ್ತು ಹೇಳಿರೆ, ಎಂತದೂ ಇಲ್ಲೆ. ಅಖೇರಿಗೆ ಸ್ಯಾಮ್ ಬೆಣಚ್ಚಿಂಗೆ ಹೋಪ ಮದಲು ಅದರ ಹತ್ರೆಯೂ ಎರಡು ಮಾತು ಹೇಳಿ ಹೋವುತ್ತ, ಅದು ಅವನ ದೊಡ್ಡತನ. ಅಷ್ಟಪ್ಪಗ ಸಿನೆಮ ಮುಗಿತ್ತು. ಆ ನಡಿರುಳು ಓಡಾ ಮೇ ಬ್ರೂಕ್ಲಿನಿಂಗೆ ಹೇಂಗೆ ಹೋತು ಹೇಳಿ ಆರಿಂಗೂ ಬೇಡ.

ವೂಪಿ ಗೋಲ್ಡ್‌ಬರ್ಗಿಂಗೆ ಈ ಪಾತ್ರಕ್ಕೆ 1991ರಲ್ಲಿ ಆಸ್ಕರ್ ಸಿಕ್ಕಿತ್ತು, ಸಹನಟಿ ಹೇಳಿ. ಕಪ್ಪು ಜನಾಂಗದ ಹೆಂಗುಸಿಂಗೆ ನಟನೆಗೆ ಆಸ್ಕರ್ ಸಿಕ್ಕಿದ್ದು ಅದು ಎರಡನೇ ಸರ್ತಿ. ಮದಲಾಣದ್ದು “ಗಾನ್ ವಿತ್ ದ ವಿಂಡ್” ಸಿನೆಮದ ಹ್ಯಾಟಿ ಮೆಕ್‌ಡೇನಿಯಲಿಂಗೆ, 1940ರಲ್ಲಿ. ನೆಡುಕೆ 51 ವರ್ಷ. ಆ ಮದಲಾಣ ಪಾತ್ರವೂ ಎಂತರ ಗೊಂತಿದ್ದೋ? ಬೆಳಿ ಯಜಮಾಂತಿಯ ಪ್ರೇಮ, ಮದುವೆ, ಜಗಳ ಎಲ್ಲವನ್ನೂ ಸುಧಾರುಸುವ ಮನೆಕೆಲಸದ ಹೆಂಗುಸು. ಬೇರೆಯವರ ಪ್ರೀತಿಗೆ ಕೈಕಾಲಾದರೆ ಪ್ರಶಸ್ತಿ. ತನ್ನದೇ ಒಂದು ಪ್ರೀತಿಯ ಕತೆ ಇಬ್ರಿಂಗೂ ಇಲ್ಲೆ.

ಕೋಲ ನೋಡಿ ಬೆಳದ ಎಂಗಳ ಊರಿನವಕ್ಕೆ ಇದು ಇನ್ನೊಂದು ನಮುನೆಲಿ ಅರ್ಥ ಅಕ್ಕು. ಭೂತ ಕಟ್ಟುವವ ಮೋರೆಗೆ ಅರದಾಳ ಮೆತ್ತಿ, ಸೊಂಟಕ್ಕೆ ತೆಂಗಿನ ಸಿರಿ ಕಟ್ಟಿ, ಕಾಲಿಂಗೆ ಗಗ್ಗರ ಹಾಕಿ, ಬೆನ್ನಿಂಗೆ ಅಣಿ ಏರುಸಿ ನಿಂದಪ್ಪಗ ನುಡಿ ಕೊಡುದು ಭೂತ. ನಾವು ಕೈ ಮುಗಿವದೂ ಭೂತಕ್ಕೆ. ಆದರೆ ಮೈ ಆರದ್ದು ಹೇಳಿ ಜಾಲಿಲಿ ನಿಂದ ಪ್ರತಿಯೊಬ್ಬಂಗೂ ಗೊಂತಿದ್ದು. ಇರುಳಿಡೀ ಕೊಣಿವ ಕಾಲು ಅವಂದು, ಇಳಿವ ಬೆಗರು ಅವಂದು. ಅಲ್ಲಿ ಕ್ಯಾಮರ ತಿರುಗುಸಿ ಅವನ ಮಾಯ ಮಾಡ್ಲೆ ಎಡಿಯ.

ಹಾಂಗೆ ಹೇಳಿ ನಾವು ಮೇಲು ಹೇಳಿ ಬೀಗಿರೆ ಅದು ಸುಳ್ಳಾವುತ್ತು. ಇರುಳು ಕೈ ಮುಗುದು ನಿಂದ ಅದೇ ಮನೆಲಿ, ಉದಿಯಪ್ಪಗ ಅದೇ ಮನುಷ್ಯ ಜಾಲಿನ ಕರೆಲಿ ಕೂದು ಉಂಬದರ ಆನು ಸಣ್ಣಾಗಿಪ್ಪಗ ಕಣ್ಣಾರೆ ಕಂಡಿದೆ. ಜೆಗಿಲಿಗೆ ಹತ್ಲೆ ಅವಂಗೆ ಇತ್ತಿದ್ದಿಲ್ಲೆ. ಮೈ ನವಗೆ ಬೇಕು, ಮನುಷ್ಯ ಹೆರ. ಅವು ಕ್ಯಾಮರಲ್ಲಿ ಮಾಡಿದ್ದರ ನಾವು ಜೆಗಿಲಿಲಿ ಮಾಡಿದ್ದು, ಅಷ್ಟೇ ವ್ಯತ್ಯಾಸ.

ಇಷ್ಟು ಬರದಪ್ಪಗ ಕೈ ನಿಂದತ್ತು. ಎಲ್ಲಿಯೋ ಇಪ್ಪ ಒಂದು ಸಿನೆಮದ ಹೆಂಗುಸಿನ ಮೇಲೆ ಎನಗೆ ಇಷ್ಟು ಸಂಕಟ ಎಂತಕೆ ಹೇಳಿ ಎನ್ನನ್ನೇ ಕೇಳಿಗೊಂಡೆ. ಉತ್ತರ ಅಪ್ಪನ ಮನೆಲಿ ಇತ್ತು.

ಅಪ್ಪನ ಅಕ್ಕ, ಎಂಗೊಗೆ ದೊಡ್ಡತ್ತೆ. ಮದುವೆ ಆಗಿ ಎರಡು ವರ್ಷಲ್ಲಿ ಗೆಂಡ ಜ್ವರ ಬಂದು ತೀರಿಹೋದ. ಅಪ್ಪನ ಮನೆಗೆ ತಿರುಗಿ ಬಂದಪ್ಪಗ ದೊಡ್ಡತ್ತೆಗೆ 20 ವರ್ಷ. ಮತ್ತೆ ಬಾಕಿ ಆಯುಷ್ಯ ಪೂರ ಆ ಅಟ್ಟುಂಬೊಳಲ್ಲಿ. ಹಟ್ಟಿ, ಒಲೆ, ಎಂಗಳ ಮೀಶುದು, ಉಣುಸುದು, ಇದೆಲ್ಲ ಕಾಂಬ ಕೆಲಸ. ಕಾಣದ್ದ ಕೆಲಸ ಒಂದಿತ್ತು: ಮಾತು ದಾಂಟುಸುದು.

ಅಜ್ಜ ಇಪ್ಪ ಕಾಲಲ್ಲಿ ಅಪ್ಪನೂ ಅಬ್ಬೆಯೂ ಎಲ್ಲೋರ ಎದುರು ಮಾತಾಡ್ಲೆ ಇತ್ತಿದ್ದಿಲ್ಲೆ. ಅಬ್ಬೆಗೆ ಅದರ ಅಬ್ಬೆಯ ನೋಡೆಕ್ಕು ಹೇಳಿ ಕಂಡರೆ ಅಟ್ಟುಂಬೊಳಲ್ಲಿ ದೊಡ್ಡತ್ತೆಗೆ ಹೇಳುಗು. ದೊಡ್ಡತ್ತೆ ಮಧ್ಯಾಹ್ನ ಅಪ್ಪಂಗೆ ಮಜ್ಜಿಗೆ ಬಳುಸುವಗ, “ಅದಕ್ಕೆ ಅಬ್ಬೆಯ ಕಾಣದ್ದೆ ಆರು ತಿಂಗಳಾತು” ಹೇಳುಗು, ಮಜ್ಜಿಗೆಯ ಹತ್ರೆ ಹೇಳಿದ ಹಾಂಗೆ. ಅಪ್ಪ ಕೋಪಲ್ಲಿ ಎಂತಾರು ಹೇಳಿರೆ ಅದರ ಗಾಳುಸಿ, ಕಲ್ಲು ಹೊಟ್ಟು ತೆಗದು, ಅಬ್ಬೆಗೆ ಬೇಕಾದಷ್ಟೇ ಮುಟ್ಟುಸುಗು. ಜಾಗೆಯ ಲೆಕ್ಕಲ್ಲಿ ಅಜ್ಜಂಗೂ ಅಪ್ಪಂಗೂ ಒಂದು ವರ್ಷ ಮಾತಿಲ್ಲದ್ದೆ ಆದಪ್ಪಗ ತೋಟದ ಕೆಲಸ ಪೂರ ನಡದ್ದು ದೊಡ್ಡತ್ತೆಯ ಬಾಯಿಲಿ. ಎಂಗಳ ಮನೆ ಮುರಿಯದ್ದೆ ಒಳುದ್ದದು ಹೀಂಗೆ.

1995ರಲ್ಲಿ ಎನ್ನ ಡಿಗ್ರಿ ಮುಗುದತ್ತು. ಒಂದು ಸಂಬಂಧ ಬಂತು, ಜಾತಕ ಕೂಡಿತ್ತು, ಅಪ್ಪಂಗೆ ಭಾರೀ ಕೊಶಿ. ಎನಗೆ ಎಮ್ಮೆ ಕಲಿಯೆಕ್ಕು ಹೇಳಿ ಇತ್ತು. ಅಪ್ಪನ ಎದುರು ಬಾಯಿ ಬಾರ. ಹಟ್ಟಿಲಿ ಹಾಲು ಕರವಗ ದೊಡ್ಡತ್ತೆಯ ಹತ್ರೆ ಹೇಳಿದೆ. ಅವು ಎಂತದೂ ಹೇಳಿದ್ದವಿಲ್ಲೆ. ಇರುಳು ಉಂಡಾದ ಮೇಲೆ ಅಪ್ಪನ ಹತ್ರೆ ಹೋಗಿ, “ಕೂಸಿಂಗೆ ಈಗಳೇ ಮದುವೆ ಬೇಡ, ಕಲಿಯಲಿ” ಹೇಳಿದವು.

ಅಪ್ಪ ಕೊದುದ. “ಸಂಸಾರ ಹೇಳಿರೆ ಎಂತರ ಹೇಳಿ ನಿನಗೆಂತ ಗೊಂತಿದ್ದು?” ಹೇಳಿ ಕೇಳಿದ. ಎರಡು ವರ್ಷ ಸಂಸಾರ ಮಾಡಿ ಬಂದ ಅಕ್ಕನ ಹತ್ರೆ.

ಆನು ಬಾಗಿಲ ಹಿಂದೆ ಇತ್ತಿದ್ದೆ. ಹೆರ ಬಂದು, “ಅಪ್ಪ, ಅದು ಎನ್ನ ಮಾತು” ಹೇಳಿದ್ದರೆ ಆವುತಿತ್ತು. ಮೂರು ಹೆಜ್ಜೆ ದೂರ. ಬೈಂದಿಲ್ಲೆ. ದೊಡ್ಡತ್ತೆಯೂ ಎನ್ನ ಹೆಸರು ಹೇಳಿದ್ದವಿಲ್ಲೆ. “ಎನಗೆ ಕಂಡತ್ತು, ಹೇಳಿದೆ” ಹೇಳಿಕ್ಕಿ ಒಳ ಬಂದವು. ಎನ್ನ ಕಂಡಪ್ಪಗ, “ಒರಗು ಹೋಗು” ಹೇಳಿದವು. ಎರಡು ತಿಂಗಳು ಅಪ್ಪ ಅಕ್ಕನ ಹತ್ರೆ ಮಾತಾಡಿದ್ದಾಯಿಲ್ಲೆ. ಆ ಸಂಬಂಧ ತಪ್ಪಿತ್ತು, ಆನು ಮೈಸೂರಿಂಗೆ ಎಮ್ಮೆಗೆ ಹೋದೆ.

1998ರಲ್ಲಿ ಎನ್ನ ಮದುವೆ. ಗೆಂಡ ಇಲ್ಲದ್ದವು ಮಂಟಪದ ಹತ್ರೆ ಬಪ್ಪಲಾಗ ಹೇಳಿ ಲೆಕ್ಕ ಅಲ್ಲದೋ? ದೊಡ್ಡತ್ತೆ ಇಡೀ ದಿನ ಉಗ್ರಾಣಲ್ಲಿ. ಆಲ್ಬಮಿಲಿ ಊರವು ಪೂರ ಇದ್ದವು, ಆನು ಒಂದರಿಯೂ ಮಾತಾಡುಸದ್ದವೂ ಇದ್ದವು. ದೊಡ್ಡತ್ತೆ ಇಲ್ಲೆ. ದಿನಿಗೇಳಿ ಒಂದು ಫೊಟೊ ತೆಗೆಶುಲೆ ಮದುಮ್ಮಾಳಿಂಗೂ ನೆಂಪಾಯಿದಿಲ್ಲೆ. 2011ರಲ್ಲಿ ಅವು ತೀರಿಹೋದಪ್ಪಗ ಗೋಡಗೆ ಹಾಕುಲೆ ಒಂದು ಪಟ ಇಲ್ಲೆ. ಓಟಿನ ಗುರ್ತಿನ ಚೀಟಿಯ ಫೊಟೊವ ದೊಡ್ಡ ಮಾಡುಸಿ ಹಾಕಿದ್ದು. ಮೋರೆ ಸರೀ ಕಾಣ್ತಿಲ್ಲೆ.

ಸಿನೆಮಕ್ಕೆ ಬೈವಲೆ ಹೆರಟ ಎನ್ನ ಹತ್ರೆ ಅಂಬಗ ಎಂತ ಬಾಯಿ ಇದ್ದು?

ಮಗಳು ಹೆರಡುವ ದಿನ ಈ ಕತೆ ಪೂರ ಅದಕ್ಕೆ ಹೇಳಿದೆ. ಕೇಳಿಕ್ಕಿ ಸುಮ್ಮನೆ ಕೂದತ್ತು. ಮತ್ತೆ ನೆಗೆ ಮಾಡಿಗೊಂಡು, “ಅಮ್ಮ, ಅಪ್ಪಂಗೆ ಬೀಪಿ ಮಾತ್ರೆ ತೆಕ್ಕೊಂಬಲೆ ಹೇಳು, ಅಪ್ಪಂಗೆ ರಜ ಸಮಾಧಾನಲ್ಲಿ ಮಾತಾಡ್ಲೆ ಹೇಳು, ಹೇಳಿ ನೀನು ಬೆಂಗ್ಳೂರಿಂಗೆ ಫೋನು ಮಾಡ್ತೆ. ಅಮ್ಮಂಗೆ ಮೊಣಪ್ಪಿನ ಡಾಕ್ಟ್ರಿಂಗೆ ತೋರ್ಸುಲೆ ಹೇಳು ಹೇಳಿ ಅಪ್ಪ ಫೋನು ಮಾಡ್ತವು. ನಿಂಗೊ ಇಬ್ರೂ ಒಂದೇ ಜೆಗಿಲಿಲಿ ಕೂದೊಂಡು! ಆನುದೆ ಓಡಾ ಮೇಯೇ” ಹೇಳಿತ್ತು. ಇವು ಒಳಂದ ಕೆಮ್ಮಿದವು. ಎನಗೆ ನೆಗೆ ಬಂದರೂ ಮಾತು ತಾಗಿತ್ತು. ಮನೆಗಳಲ್ಲಿ ಈ ಕೆಲಸ ಈಗಳೂ ಆರಾರು ಒಬ್ಬನ ತಲಗೆ ಬೀಳ್ತು. ಹೆಚ್ಚಾಗಿ ಕೂಸುಗಳ ತಲಗೇ. ಎರಡು ಕಡೆಯ ಬೈಗಳೂ ಅವಕ್ಕೇ.

ಹಾಂಗಾಗಿ ಎನ್ನ ಅಭಿಪ್ರಾಯ ಇಷ್ಟು. “ಘೋಸ್ಟ್” ಈಗಳೂ ಒಳ್ಳೆ ಸಿನೆಮ, ನೋಡದ್ದವು ನೋಡಿ. ಆದರೆ ಅದು ಸ್ಯಾಮ್ ಮೋಲಿಯ ಪ್ರೀತಿಯ ಕತೆ ಹೇಳಿ ಇನ್ನು ಆನು ಹೇಳೆ. ಪ್ರೀತಿ ಮಾಡಿದವು ಅವು, ಆ ಪ್ರೀತಿಯ ಹೊತ್ತದು ಓಡಾ ಮೇ. ಹೇಳದ್ದೆ ಬಾಕಿ ಆದ ಮಾತು ಗೆಂಡ ಹೆಂಡತಿಯ ನೆಡುಕೆ ಮಾಂತ್ರ ಇಪ್ಪದು ಹೇಳಿ 19ರಲ್ಲಿ ಗ್ರೇಶಿತ್ತಿದ್ದೆ. ಅವರ ನೆಡುಕೆ ಡಿಟ್ಟೊ ಹೇಳಿಯಾದರೂ ದಾಂಟುತ್ತು. ದಾಂಟುಸಿದವರ ಹತ್ರೆ ಮಾಂತ್ರ ಆರೂ ಎಂತದೂ ಹೇಳ್ತವಿಲ್ಲೆ. ಡ್ಯಾನ್ಸಿನ ಸೀನು ಬಪ್ಪಗ ಅಲ್ಲಿ ನಿಂದದು ಆರು ಹೇಳಿ ಒಂದರಿ ಗ್ರೇಶಿ ನೋಡಿ.

ಮಗಳು ಹೋದ ಮರದಿನ ಅಬ್ಬೆಗೆ ಫೋನು ಮಾಡಿದೆ. ಅಬ್ಬೆಗೆ ಈಗ 78. ಆ ಇರುಳಿನ ಸಂಗತಿ, ಬಾಗಿಲ ಹಿಂದೆ ಆನು ನಿಂದದು, ಅದು ಎನ್ನ ಮಾತು ಹೇಳಿ ಅಪ್ಪಂಗೆ ಅಖೇರಿವರೆಗೂ ಹೇಳದ್ದದು, ಎಲ್ಲ ಹೇಳಿದೆ. ಅಬ್ಬೆ ರಜ ಹೊತ್ತು ಮಾತಾಡಿದ್ದಿಲ್ಲೆ.

ಮತ್ತೆ ಹೇಳಿತ್ತು, “ನಿನ್ನ ಮಾತು ಹೇಳಿ ಅಪ್ಪಂಗೆ ಗೊಂತಿತ್ತು ಮಗಳೇ. ಅಪ್ಪಂಗೆ ಗೊಂತಿದ್ದು ಹೇಳಿ ಅತ್ತಿಗೆಗೂ ಗೊಂತಿತ್ತು. ನಿನಗೆ ಬೈವಲೆ ಎಡಿಯದ್ದದಕ್ಕೇ ಅಕ್ಕಂಗೆ ಬೈದ್ದದು.”

ಎಲ್ಲೋರಿಂಗೂ ಗೊಂತಿತ್ತು. ಆದರೂ ಬೈಗಳು ತಿಂದದು ಅವೊಬ್ಬನೇ. ಫೋನು ಮಡುಗಿ ಒಳ ಹೋದೆ. ಕೊದಿಲಿಂಗೆ ಉಪ್ಪು ಹಾಕಿದ್ದೆನೋ ಇಲ್ಲೆಯೋ ನೆಂಪಾಯಿದಿಲ್ಲೆ.

ಒಂದೊಪ್ಪ: ಮಾತು ಮುಟ್ಟಿದ ಕೊಶಿಲಿ, ಮುಟ್ಟುಸಿದವರ ಮರವಲಾಗ.